ಪೀಟ್ ರಾಕ್ ಸೋಲೋ ಆಲ್ಬಂ ಜಗಳ, ಮತ್ತೆ ಆ ಅರ್ಧ ನಿಮಿಷದ ಬೀಟ್‌ಗಳು

ಮೊನ್ನೆ ರಾತ್ರಿ ಒಬ್ಬ ಫ್ರೆಂಡ್ ಜೊತೆ ಫೋನಲ್ಲಿ ಒಂದೂವರೆ ಗಂಟೆ ಜಗಳ ಆಯ್ತು. ವಿಷ್ಯ ಪೀಟ್ ರಾಕ್, ಅಂದ್ರೆ ರ‍್ಯಾಪರ್‌ಗಳಿಗೆ ಬೀಟ್ (ಹಾಡಿನ ಹಿಂದೆ ಬರೋ ಮ್ಯೂಸಿಕ್) ಮಾಡಿಕೊಡೋ ಅಮೆರಿಕದ ಹಿಪ್‌ಹಾಪ್ ಪ್ರೊಡ್ಯೂಸರ್. ನಗ್ಬೇಡಿ, ಹಿಪ್‌ಹಾಪ್ ಹುಚ್ಚು ಹಿಡಿಸ್ಕೊಂಡೋರಿಗೆ ಇದು ಅಣ್ಣತಮ್ಮಂದಿರ ಆಸ್ತಿ ಜಗಳಕ್ಕಿಂತ ಸೀರಿಯಸ್ ಮ್ಯಾಟರ್. ಅವ್ನು ಕೇಳಿದ್ದು ಒಂದೇ ಪ್ರಶ್ನೆ: "ಜೊತೆಗಿದ್ದ ರ‍್ಯಾಪರ್ ಸಿಎಲ್ ಸ್ಮೂತ್‌ನ ಬಿಟ್ಮೇಲೆ ಪೀಟ್ ರಾಕ್ ತನ್ನ ಹೆಸರಲ್ಲಿ ತಂದಿದ್ರಲ್ಲಿ ಪೂರ್ತಿ ಕೂತು ಕೇಳೋ ಅಂಥ ಆಲ್ಬಂ ಒಂದೇ ಒಂದು ಹೇಳೋ ನೋಡೋಣ." ನಾನು ಯೋಚ್ನೆನೂ ಮಾಡ್ದೆ ಸೋಲ್ ಸರ್ವೈವರ್ ಅಂದೆ. "ಹೌದಾ, ಮೊದಲ್ನೇ ಹಾಡಿಂದ ಕೊನೇ ಹಾಡಿನ ತನಕ ಕೊನೇ ಸಲ ಯಾವಾಗ ಕೇಳ್ದೆ?" ಅಂದ. ನಾನು ಸುಮ್ನಾದೆ. ಆ ಸುಮ್ನಾಗಿದ್ದೇ ತಪ್ಪಾಗೋಯ್ತು, ಅಲ್ಲಿಂದ ಅವ್ನು ಫುಲ್ ಜೋಶ್ ಮೇಲೆ ಶುರು ಹಚ್ಕೊಂಡ.

ಗೊತ್ತಿಲ್ದೋರಿಗೆ ಸ್ವಲ್ಪ ಹೇಳ್ಬಿಡ್ತೀನಿ. ಪೀಟ್ ರಾಕ್ ಅಂದ್ರೆ ಪೀಟರ್ ಫಿಲಿಪ್ಸ್, 1970ರಲ್ಲಿ ಬ್ರಾಂಕ್ಸಲ್ಲಿ ಹುಟ್ಟಿ ಪಕ್ಕದ ಮೌಂಟ್ ವರ್ನನ್‌ನಲ್ಲಿ ಬೆಳೆದೋನು, ರ‍್ಯಾಪರ್ ಹೆವಿ ಡಿ ಇವ್ನ ಕಸಿನ್, ಇನ್ನೂ ಟೀನೇಜಲ್ಲಿ ಇರ್ಬೇಕಾದ್ರೇನೇ ನ್ಯೂಯಾರ್ಕಿನ ಡಬ್ಲ್ಯೂಬಿಎಲ್‌ಎಸ್ ರೇಡಿಯೋದಲ್ಲಿ ಮಾರ್ಲಿ ಮಾರ್ಲ್ ಶೋಗೆ ಡೀಜೆ. ಸಿಎಲ್ ಸ್ಮೂತ್ ಜೊತೆ 1992ರಲ್ಲಿ ಮೆಕ್ಕಾ ಅಂಡ್ ದ ಸೋಲ್ ಬ್ರದರ್, 1994ರಲ್ಲಿ ದ ಮೇನ್ ಇಂಗ್ರೀಡಿಯಂಟ್ ಅಂತ ಎರಡು ಆಲ್ಬಂ ಮಾಡಿ, ಆಮೇಲೆ ಇಬ್ರೂ ಅವ್ರವ್ರ ದಾರಿ ನೋಡ್ಕೊಂಡ್ರು. ಅದೇ 1994ರಲ್ಲಿ ರ‍್ಯಾಪರ್ ನಾಸ್‌ನ ಇಲ್ಮ್ಯಾಟಿಕ್ ಆಲ್ಬಂಗೆ ದ ವರ್ಲ್ಡ್ ಈಸ್ ಯುವರ್ಸ್ ಹಾಡಿನ ಬೀಟ್ ಮಾಡಿಕೊಟ್ಟ, ಜಾಝ್ ವಾದಕ ಅಹ್ಮದ್ ಜಮಾಲ್ ಪಿಯಾನೋದಿಂದ ಒಂದು ಚೂರು ಕಿತ್ತು. ಅದ್ರ ಕೋರಸ್ ಹಾಡಿರೋದೂ ಇವ್ನೇ, ಹಾಡುಗಾರ ಅಂತೂ ಅಲ್ಲ, ಆದ್ರೂ ಬೇರೆ ಯಾರ ದನಿನೂ ಅಲ್ಲಿ ಕೂರಲ್ಲ ಬಿಡಿ.

ಈ ಮಟ್ಟಿಗೆ ಯಾರದ್ದೂ ತಕರಾರಿಲ್ಲ. ತಕರಾರು ಇರೋದು ಆಮೇಲಿಂದು. 1998ರ ಸೋಲ್ ಸರ್ವೈವರ್, 2004ರಲ್ಲಿ ಅದ್ರ ಎರಡನೇ ಭಾಗ, 2008ರ ಎನ್‌ವೈಸ್ ಫೈನೆಸ್ಟ್. ನನ್ ಫ್ರೆಂಡ್ ಹೇಳೋ ಪ್ರಕಾರ ಇವು ಆಲ್ಬಂಗಳೇ ಅಲ್ಲ, ಗೆಸ್ಟ್ ಲಿಸ್ಟುಗಳು. ಬೇಜಾರಾದ್ರೂ ಒಪ್ಕೋಬೇಕು, ಸೋಲ್ ಸರ್ವೈವರಲ್ಲಿ ಅದು ಅರ್ಧ ನಿಜ. ರೇಕ್ವಾನ್, ಗೋಸ್ಟ್‌ಫೇಸ್, ಮಾಬ್ ಡೀಪ್‌ನ ಪ್ರಾಡಿಜಿ ಮೂವರೂ ಒಂದೇ ಹಾಡಲ್ಲಿ, ಇನ್ನೊಂದ್ರಲ್ಲಿ ಇನ್ಸ್ಪೆಕ್ಟಾ ಡೆಕ್ ಮತ್ತೆ ಕರಪ್ಟ್, ಮತ್ತೊಂದ್ರಲ್ಲಿ ಕೂಲ್ ಜಿ ರ‍್ಯಾಪ್, ಜೊತೆಗೆ ಲಾರ್ಜ್ ಪ್ರೊಫೆಸರ್, ನಡುವೆ ಬ್ರಿಟನ್ನಿನ ಲೂಸ್ ಎಂಡ್ಸ್ ಬ್ಯಾಂಡ್, ಜಗಳ ಮರ್ತು ಸಿಎಲ್ ಸ್ಮೂತ್ ಕೂಡ ಒಂದು ಹಾಡಿಗೆ ಬಂದಿದಾನೆ. ಮದುವೆ ಮನೇಲಿ ನೆಂಟರೆಲ್ಲಾ ಕೂತ್ಬಿಟ್ಟು ಮನೆ ಯಜಮಾನನಿಗೇ ಕುರ್ಚಿ ಇಲ್ದಂಗಾಗಿದೆ. ಒಂದೊಂದು ಹಾಡು ಬಿಡಿಬಿಡಿಯಾಗಿ ತಗೊಂಡ್ರೆ ಸೂಪರ್, ಟ್ರೂ ಮಾಸ್ಟರ್ ನಂಗೆ ಇವತ್ತಿಗೂ ಬೆಳಿಗ್ಗೆ ಎದ್ದ ತಕ್ಷಣ ಬೇಕು, ಆದ್ರೆ ಒಟ್ಟಿಗೆ ಕೇಳ್ತಾ ಹೋದ್ರೆ ಆರನೇ ಹಾಡು ಅನ್ನೋಷ್ಟರಲ್ಲಿ "ಈಗ ಯಾರು ಬರ್ತಾರೆ" ಅನ್ನೋದೇ ಯೋಚ್ನೆ ಆಗತ್ತೆ, ಬೀಟ್ ಕಡೆ ಗಮನ ಹೋಗಲ್ಲ. ಇನ್ನು ಅವ್ನೇ ಮೈಕ್ ಹಿಡ್ದಾಗ... ನಾನು ಅಭಿಮಾನಿ, ಅದ್ರ ಬಗ್ಗೆ ಜಾಸ್ತಿ ಮಾತಾಡಲ್ಲ.

ಆದ್ರೆ ಫೋನ್ ಇಟ್ಮೇಲೆ ತಲೇಲಿ ಹುಳ ಬಿಟ್ಟಂಗಾಯ್ತು. ಮುಖ್ಯವಾಗಿ ಬೀಟ್ ಮಾಡೋನೇ ಆಗಿರೋನ "ಸೋಲೋ" ಅಂದ್ರೆ ಏನು? ಕವರ್ ಮೇಲೆ ಅವ್ನ ಹೆಸರು ಒಂದೇ ಇದ್ರೆ ಸೋಲೋನಾ, ಅವ್ನ ಮಾತು ಬಿಟ್ಟು ಬೇರೆ ಯಾರ ಮಾತೂ ಕೇಳಿಸ್ದೇ ಇರೋದು ಸೋಲೋನಾ? ನಿದ್ದೆ ಬರ್ಲಿಲ್ಲ, ಹೆಡ್‌ಫೋನ್ ಹಾಕ್ಕೊಂಡು ಮೆಕ್ಕಾ ಅಂಡ್ ದ ಸೋಲ್ ಬ್ರದರ್ ಶುರುವಿಂದ ಹಾಕ್ದೆ, ಒಂದೂ ಕಾಲು ಗಂಟೆಗೂ ಜಾಸ್ತಿ ಇದೆ ಆ ಆಲ್ಬಂ. ಈ ಸಲ ಹಾಡುಗಳ ಕಡೆ ಕಿವಿ ಕೊಡ್ದೆ, ಹಾಡಿಗೂ ಹಾಡಿಗೂ ನಡುವೆ ಬರೋ ಆ ತುಂಡು ಬೀಟ್‌ಗಳನ್ನೇ ಕಾಯ್ತಾ ಕೂತೆ.

ಕೇಳಿರೋರಿಗೆ ಗೊತ್ತು. ಒಂದು ಹಾಡು ಮುಗಿಯತ್ತೆ, ಮುಂದಿನ ಹಾಡು ಶುರುವಾಗೋ ಮೊದ್ಲು ಅದಕ್ಕೆ ಸಂಬಂಧಾನೇ ಇಲ್ದೇ ಇರೋ ಒಂದು ಲೂಪ್ (ಮತ್ತೆ ಮತ್ತೆ ತಿರುಗಿ ಬರೋ ಮ್ಯೂಸಿಕ್ ತುಂಡು) ಬರತ್ತೆ, ಎಲ್ಲೋ ಪಕ್ಕದ ರೂಮಲ್ಲಿ ಯಾರೋ ನುಡಿಸ್ತಿರೋ ಥರ ಒಂದು ಹಾರ್ನ್, ಕೆಳಗೆ ಗುಂಯ್ ಅನ್ನೋ ಬೇಸ್, ಡ್ರಮ್ಮು, ಸುಮಾರು ಅರ್ಧ ನಿಮಿಷ, ನೀವು ತಲೆ ಆಡ್ಸೋಕೆ ಶುರು ಮಾಡೋಷ್ಟರಲ್ಲಿ ಫೇಡ್ ಆಗಿ ಹೋಗ್ಬಿಡತ್ತೆ. ಬೇರೆ ಯಾವ್ದಾದ್ರೂ ಪ್ರೊಡ್ಯೂಸರ್ ಆಗಿದ್ರೆ ಅಂಥ ಒಂದೊಂದು ಲೂಪನ್ನೂ ರ‍್ಯಾಪರ್‌ಗೆ ಮಾರಿ ಸಿಂಗಲ್ ಮಾಡಿಸ್ತಿದ್ದ. ಇವ್ನು ಚಿಲ್ರೆ ಎಸೆದಂಗೆ ಎಸೆದು ಹೋಗಿದಾನೆ. ಮೇನ್ ಇಂಗ್ರೀಡಿಯಂಟಲ್ಲೂ ಅದೇ ಕಥೆ. ಯಾರೂ ರ‍್ಯಾಪ್ ಮಾಡಲ್ಲ, ಯಾರಿಗೂ ಜಾಗ ಬಿಟ್ಟುಕೊಡ್ಬೇಕಾಗಿಲ್ಲ, ಅಲ್ಲಿರೋದು ಪೀಟ್ ರಾಕ್ ಒಬ್ನೇ. ನನ್ ಪ್ರಕಾರ ಅವ್ನ ಸೋಲೋ ಕೆಲ್ಸ ಶುರುವಾಗಿದ್ದು ಇಲ್ಲಿ, 1998ರಲ್ಲಿ ಅಲ್ಲ.

ಕೈಚಳಕ ಏನು ಅಂತ ಹೇಳ್ಬೇಕಂದ್ರೆ ಅವ್ನ ಮಷೀನ್ ಬಗ್ಗೆ ಹೇಳ್ಬೇಕು. ಇ-ಮ್ಯೂ ಕಂಪನಿಯ ಎಸ್‌ಪಿ-1200, 1987ರಲ್ಲಿ ಬಂದಿದ್ದು, ಹಳೇ ರೆಕಾರ್ಡಿಂದ ಚೂರು ಎತ್ಕೊಂಡು (ಅದಕ್ಕೇ ಸ್ಯಾಂಪಲ್ ಮಾಡೋದು ಅನ್ನೋದು) ಬೀಟ್ ಮಾಡೋ ಡಬ್ಬ. ಒಟ್ಟು ಸ್ಯಾಂಪಲ್ ಮಾಡೋಕೆ ಸಿಗೋದು 10 ಸೆಕೆಂಡ್, ಅದೂ ಒಂದೊಂದು ತುಂಡು ಎರಡೂವರೆ ಸೆಕೆಂಡ್‌ಗಿಂತ ಉದ್ದ ಇರಂಗಿಲ್ಲ. ಈಗಿನ ಫೋನಲ್ಲಿ ಒಂದು ವಾಯ್ಸ್ ನೋಟ್ ಕೂಡ ಅದಕ್ಕಿಂತ ಉದ್ದ ಇರತ್ತೆ. ಅದಕ್ಕೆ ಏನ್ ಮಾಡ್ತಿದ್ರು ಅಂದ್ರೆ ನಿಮಿಷಕ್ಕೆ 33 ಸುತ್ತು ತಿರುಗೋ ರೆಕಾರ್ಡನ್ನ 45ರ ಸ್ಪೀಡಲ್ಲಿ ಓಡ್ಸಿ ಕಿರಿಕಿರಿ ಅನ್ನೋ ದನೀಲಿ ಒಳಗೆ ತಗೋತಿದ್ರು, ಆಮೇಲೆ ಮಷೀನಲ್ಲಿ ಪಿಚ್ ಇಳಿಸ್ತಿದ್ರು, ಹಂಗಾಗಿ ಎರಡೂವರೆ ಸೆಕೆಂಡ್ ಜಾಗದಲ್ಲಿ ಹತ್ರತ್ರ ಮೂರೂವರೆ ಸೆಕೆಂಡ್ ಮ್ಯೂಸಿಕ್ ಹಿಡಿಸ್ತಿತ್ತು. ಪಿಚ್ ಇಳಿಸ್ದಾಗ ದನಿ ಒರಟಾಗತ್ತೆ, ಅಂಚಲ್ಲಿ ಮರಳು ಸಿಕ್ಕಂಗೆ ಕರಕರ ಅನ್ನತ್ತೆ, ಆ ಕಾಲದ ನ್ಯೂಯಾರ್ಕ್ ಡ್ರಮ್ಮಿಗೆ ಇರೋ ಆ ಗಡಸುತನದಲ್ಲಿ ಇದರದ್ದೂ ಪಾಲಿದೆ. ಇನ್ನೊಂದು ಏನಂದ್ರೆ ಫಿಲ್ಟರ್. ಒಂದು ಲೂಪಿನ ಮೇಲಿನ ದನಿಯೆಲ್ಲಾ ಕತ್ತರಿಸಿ ಹಾಕಿದ್ರೆ ಬರೀ ಬೇಸ್ ಉಳ್ಕೊಳತ್ತೆ, ಅದನ್ನ ಕೆಳಗೆ ಹಾಸಿ ಅದ್ರ ಮೇಲೆ ಬೇರೆ ರೆಕಾರ್ಡಿನ ಹಾರ್ನ್ ಕೂರಿಸೋದು. ಬೇಸ್ ಗಿಟಾರಿಸ್ಟ್ ಯಾರೂ ಇಲ್ಲ, ಆದ್ರೂ ಎದೆಗೆ ಗುದ್ದತ್ತೆ.

ಈಗ ಮೆಕ್ಕಾದಲ್ಲಿರೋ ಟಿ.ಆರ್.ಓ.ವೈ. (ದೇ ರೆಮಿನಿಸ್ ಓವರ್ ಯು) ಅನ್ನೋ ಹಾಡಿನ ಬಗ್ಗೆ ಹೇಳ್ದೆ ಇರೋಕಾಗಲ್ಲ. ಹೆವಿ ಡಿ ಗ್ರೂಪಲ್ಲಿ ಡ್ಯಾನ್ಸರ್ ಆಗಿದ್ದ ಟ್ರಾಯ್ ಡಿಕ್ಸನ್ 1990ರ ಜುಲೈನಲ್ಲಿ ಟೂರ್ ಹೋದಾಗ ಇಂಡಿಯಾನಾಪೊಲಿಸಲ್ಲಿ ಬಿದ್ದು ತೀರ್ಕೊಂಡ. ಇವ್ರೆಲ್ಲಾ ಒಟ್ಟಿಗೆ ಆಡಿ ಬೆಳೆದೋರು. ಆ ಸಂಕಟದಲ್ಲಿರ್ಬೇಕಾದ್ರೆ ಪೀಟ್ ರಾಕ್ ಕೈಗೆ ಸಿಕ್ಕಿದ್ದು ಟಾಮ್ ಸ್ಕಾಟ್ ಅನ್ನೋ ಸ್ಯಾಕ್ಸೊಫೋನ್ ವಾದಕನ 1967ರ ರೆಕಾರ್ಡ್, ಅದ್ರಲ್ಲಿ ಜೆಫರ್ಸನ್ ಏರ್‌ಪ್ಲೇನ್ ಬ್ಯಾಂಡಿನ ಟುಡೇ ಹಾಡನ್ನ ಕೋರಸ್ ಜೊತೆ ನುಡಿಸಿದಾನೆ. ಕೇಳಿ ಅಳು ಬಂತು ಅಂತ ಪೀಟ್ ರಾಕೇ ಹೇಳ್ಕೊಂಡಿದಾನೆ. ಒರಿಜಿನಲ್ ಹಾಕಿ ಕೇಳಿದ್ರೆ ನಿಮಗೆ ಆಶ್ಚರ್ಯ ಆಗತ್ತೆ, ಹಾಯಾಗಿ ತೇಲ್ಕೊಂಡು ಹೋಗೋ ಅರವತ್ತರ ದಶಕದ ಹಾಡು, ಸಾವಿನ ನೆರಳೂ ಇಲ್ಲ ಅದ್ರಲ್ಲಿ, ನಡುವೆ ಸ್ಯಾಕ್ಸು ಒಂದು ಸಲ ಮೇಲಕ್ಕೇರಿ ಇಳಿಯತ್ತೆ ಅಷ್ಟೇ, ಕಣ್ಣು ಮಿಟುಕಿಸೋಷ್ಟರಲ್ಲಿ ಮುಗ್ದೋಯ್ತು. ಆ ಏರಿಳಿತವನ್ನ ಅಷ್ಟು ಉದ್ದಕ್ಕೆ ಕತ್ತರಿಸಿ ಪದೇಪದೇ ಬರೋ ಹಂಗೆ ಮಾಡ್ದಾಗ ಅದು ಯಾರನ್ನೋ ಕೂಗಿ ಕರೀತಿರೋ ಹಂಗಾಗತ್ತೆ. ಸಿಎಲ್ ಸ್ಮೂತ್ ತನ್ನ ಅಮ್ಮ, ಮನೆಮಂದಿ ಬಗ್ಗೆ ಹೇಳ್ಕೊಂಡು ಹೋಗಿ ಟ್ರಾಯ್ ಹತ್ರ ಬರೋದು ಕೊನೇಲಿ. ಅಲ್ಲಿ ತನಕ ಟ್ರಾಯ್‌ನ ನೆನಪಿಟ್ಕೊಂಡಿರೋದು ಆ ಸ್ಯಾಕ್ಸ್ ಒಂದೇ. ಅದನ್ನ ನುಡಿಸಿದಾಗ ಟಾಮ್ ಸ್ಕಾಟ್‌ಗೆ ಇನ್ನೂ 20 ತುಂಬಿರ್ಲಿಲ್ಲ, 1992ರ ಶುರುವಲ್ಲಿ ಹಾಡು ಹೊರಗೆ ಬಂದಾಗ ಪೀಟ್ ರಾಕ್‌ಗೆ 21. ಹುಡುಗ್ರು ಕಣ್ರೀ ಇಬ್ರೂ.

ಸರಿ, ಜಗಳಕ್ಕೆ ವಾಪಸ್ ಬರ್ತೀನಿ. ಆ ಅರ್ಧ ನಿಮಿಷದ ತುಂಡುಗಳನ್ನ ಉದ್ದ ಮಾಡಿ ಒಂದು ಇಡೀ ರೆಕಾರ್ಡ್ ಮಾಡಿದ್ರೆ ಹೆಂಗಿರತ್ತೆ ಅನ್ನೋದಕ್ಕೆ ಉತ್ತರ 2001ರಲ್ಲಿ ಬಂದ ಪೀಟ್‌ಸ್ಟ್ರುಮೆಂಟಲ್ಸ್, ಲಂಡನ್ನಿನ ಬಿಬಿಇ ಲೇಬಲ್ಲಿಂದ. ಎ ಲಿಟಲ್ ಸೋಲ್ ಅಂತ ಒಂದಿದೆ ಅದ್ರಲ್ಲಿ, ಒಂದ್ ಸಲ ಕೇಳಿ, ಅಲ್ಲಿ ರ‍್ಯಾಪರ್ ಬೇಕು ಅಂತ ನಿಮಗೆ ಅನ್ಸಿದ್ರೆ ನನ್ನ ಕೇಳಿ. ನನ್ ಫ್ರೆಂಡ್ ಇದನ್ನ ಲೆಕ್ಕಕ್ಕೇ ತಗೊಳಲ್ಲ, "ಬಿಡಿ ಬೀಟುಗಳ ಗಂಟು" ಅಂತಾನೆ. ನಂಗೆ ಅವ್ನ ಹೆಸರಲ್ಲಿ ಬಂದಿರೋದ್ರಲ್ಲಿ ಇದೇ ಅತಿ ಮುಖ್ಯ. 2015ರಲ್ಲಿ ಎರಡನೇದೂ ಬಂತು, ಚೆನ್ನಾಗಿದೆ, ಆದ್ರೆ ಮೊದಲಿನಷ್ಟು ಹಿಡಿಸ್ಲಿಲ್ಲ.

ಇನ್ನೊಂದು ಹೊಟ್ಟೆ ಉರಿಸೋ ವಿಷ್ಯ ಇದೆ. ಅವ್ನ ತಮ್ಮ ಗ್ರಾಪ್ ಲುವಾ ಇದ್ದ ಐಎನ್‌ಐ ಗ್ರೂಪಿನ ಆಲ್ಬಂ, ಸೆಂಟರ್ ಆಫ್ ಅಟೆನ್ಷನ್. 1995ರಲ್ಲಿ ಪೀಟ್ ರಾಕ್ ಪೂರ್ತಿ ಫಾರ್ಮಲ್ಲಿದ್ದಾಗ ಮಾಡಿದ್ದು, ಲೇಬಲ್ಲಿನೋರು ಬಿಡುಗಡೆ ಮಾಡ್ದೆ ಮೂಲೆಗೆ ಹಾಕಿದ್ರು, ಜನ ಬೂಟ್‌ಲೆಗ್ಗಲ್ಲೇ (ಕಳ್ಳ ಕಾಪೀಲೇ) ಕೇಳಿ ಕೇಳಿ ಸವೆಸಿದ್ರು, ಅಧಿಕೃತವಾಗಿ ಬಂದಿದ್ದು 2003ರಲ್ಲಿ. ಅದು ಟೈಮಿಗೆ ಸರಿಯಾಗಿ ಬಂದಿದ್ರೆ ಸಿಎಲ್ ಇಲ್ದೇ ಇವ್ನ ಕೈಲಾಗಲ್ಲ ಅನ್ನೋ ಮಾತೇ ಹುಟ್ತಿರ್ಲಿಲ್ಲ. ಇದನ್ನ ಹೇಳ್ದಾಗ ಮಾತ್ರ ಫ್ರೆಂಡ್ ಒಂದು ನಿಮಿಷ ಉಸಿರೆತ್ತಲಿಲ್ಲ.

ಪ್ರಭಾವ ಅಂತ ಬಂದ್ರೆ ಮೊದ್ಲು ಬರೋ ಹೆಸರು ಜೇ ಡಿಲ್ಲಾ. ಡೆಟ್ರಾಯ್ಟಿನ ಆ ಬೀಟ್ ಮಾಡೋ ಹುಡುಗ ಪೀಟ್ ರಾಕ್ ಬೀಟ್‌ಗಳನ್ನ ಕೇಳಿ ಕೇಳಿ ಕಲ್ತೋನು, ಅದನ್ನ ಅವ್ನು ಮುಚ್ಚಿಟ್ಟೋನೂ ಅಲ್ಲ. 2000ದಲ್ಲಿ ಬಂದ, ಡಿಲ್ಲಾ ಇದ್ದ ಸ್ಲಮ್ ವಿಲೇಜ್ ಗ್ರೂಪಿನ ಫ್ಯಾಂಟಾಸ್ಟಿಕ್ ವಾಲ್ಯೂಮ್ 2ರಲ್ಲಿ ಪೀಟ್ ರಾಕ್ ಇದಾನೆ, ಸೋಲ್ ಸರ್ವೈವರ್ ಎರಡನೇ ಭಾಗದಲ್ಲಿ ಡಿಲ್ಲಾ ಬಂದಿದಾನೆ, ಅದೂ ರ‍್ಯಾಪ್ ಮಾಡೋಕೆ, ಬೀಟು ಗುರುಗಳದ್ದೇ ಇರ್ಲಿ ಅಂತ. ಆಮೇಲೆ 2006ರ ಫೆಬ್ರವರಿ 7ಕ್ಕೆ ಡಿಲ್ಲಾನ ಡೋನಟ್ಸ್ ಆಲ್ಬಂ ಬಂತು, ಅವ್ನ 32ನೇ ಹುಟ್ಟುಹಬ್ಬ, ಮೂರೇ ದಿನಕ್ಕೆ ಹೋಗ್ಬಿಟ್ಟ. 31 ಟ್ರ್ಯಾಕ್, ಮುಕ್ಕಾಲು ಪಾಲು ಒಂದೆರಡು ನಿಮಿಷದ್ದು, ಸಿಕ್ತು ಅನ್ನೋಷ್ಟರಲ್ಲಿ ಕೈ ಜಾರಿ ಹೋಗೋವು. ಅದನ್ನ ಕೇಳ್ದಾಗೆಲ್ಲಾ ನಂಗೆ ಮೆಕ್ಕಾದ ಆ ನಡುವಿನ ತುಂಡುಗಳೇ ನೆನಪಾಗೋದು. ಗುರುವಿಗೇ ತಿರುಮಂತ್ರ ಹಾಕ್ದ ಶಿಷ್ಯ, ಒಪ್ಪಿದೆ, ಆದ್ರೆ ಮಂತ್ರ ಯಾರ್ದು ಸ್ವಾಮಿ? ಈಗ ಜನ "ಲೋಫೈ ಬೀಟ್ಸ್" ಅಂತ ಓದ್ಕೊಳೋಕೆ ಹಾಕ್ಕೊಳೋ ಅರ್ಧಕ್ಕರ್ಧ ಮ್ಯೂಸಿಕ್ ಡಿಲ್ಲಾನ ಮಕ್ಕಳು ಅಂದ್ರೆ, ಪೀಟ್ ರಾಕ್ ಅದಕ್ಕೆಲ್ಲಾ ತಾತ.

ತಾತನಿಗೆ ಕೋಪಾನೂ ಬರತ್ತೆ. 2012ರಲ್ಲಿ ರ‍್ಯಾಪರ್ ಲೂಪೆ ಫಿಯಾಸ್ಕೊ ಟಿ.ಆರ್.ಓ.ವೈ. ಬೀಟನ್ನೇ ಎತ್ಕೊಂಡು ಹಾಡು ಮಾಡ್ದಾಗ ಪೀಟ್ ರಾಕ್ ಬಹಿರಂಗವಾಗೇ ಬೇಜಾರು ಮಾಡ್ಕೊಂಡ. ಅಭಿಮಾನಿಗಳಲ್ಲಿ ಎರಡು ಪಾರ್ಟಿ ಆಯ್ತು. ನೀನೇ ಬೇರೆಯೋರ ರೆಕಾರ್ಡಿಂದ ಎತ್ತಿರೋದು, ಈಗ ಯಾಕೆ ಅಳ್ತೀಯಾ ಅಂತ ಒಂದು ಪಾರ್ಟಿ. ಸತ್ತಿರೋ ಗೆಳೆಯನಿಗೆ ಮಾಡಿರೋ ಹಾಡು ಕಣೋ, ಅದನ್ನ ಮುಟ್ಬೇಡ ಅಂತ ಇನ್ನೊಂದು. ನಾನು ಎರಡನೇ ಪಾರ್ಟಿ. ಲಾಜಿಕ್ ಕೇಳಿದ್ರೆ ನನ್ ಹತ್ರ ಇಲ್ಲ.

ಹಾಂ, 2024ರಲ್ಲಿ ರ‍್ಯಾಪರ್ ಕಾಮನ್ ಜೊತೆ ದ ಆಡಿಟೋರಿಯಂ ವಾಲ್ಯೂಮ್ 1 ಮಾಡ್ದ, 54ನೇ ವಯಸ್ಸಲ್ಲಿ, ಗ್ರ್ಯಾಮಿಗೆ ಬೆಸ್ಟ್ ರ‍್ಯಾಪ್ ಆಲ್ಬಂ ನಾಮಿನೇಷನ್ನೂ ಸಿಕ್ತು. ನನ್ ಫ್ರೆಂಡ್ "ನೋಡ್ದಾ, ಒಬ್ಬ ಒಳ್ಳೆ ರ‍್ಯಾಪರ್ ಸಿಕ್ಕಿದ್ರೆ ಮಾತ್ರ ಇವ್ನು ಅರಳೋದು" ಅಂತ ಅದನ್ನೂ ತನ್ನ ಕಡೆಗೇ ಎಳ್ಕೊಂಡ.

ಕೊನೆಗೆ ಏನ್ ಮಾಡ್ದೆ ಅಂದ್ರೆ, ಭಾನುವಾರ ಕೂತ್ಕೊಂಡು ಮೆಕ್ಕಾ, ಮೇನ್ ಇಂಗ್ರೀಡಿಯಂಟ್ ಎರಡೂ ಆಲ್ಬಮ್ಮಿಂದ ಆ ನಡುವಿನ ತುಂಡುಗಳನ್ನ ಮಾತ್ರ ಕತ್ತರಿಸಿ, ಒಂದರ ಹಿಂದೆ ಒಂದು ಜೋಡಿಸಿ, ಒಂದೇ ಫೈಲ್ ಮಾಡಿ ಅವ್ನಿಗೆ ಕಳಿಸ್ದೆ. "ತಗೋ, ಸೋಲೋ ಆಲ್ಬಂ ಕೇಳಿದ್ಯಲ್ಲ" ಅಂತ ಬರ್ದೆ. ಅರ್ಧ ಗಂಟೆ ರಿಪ್ಲೈ ಇಲ್ಲ. ಆಮೇಲೆ ಬಂತು: "ಇದು ಮೋಸ. ಇನ್ನೊಂದ್ ಸಲ ಕೇಳಿ ಹೇಳ್ತೀನಿ." ಇವತ್ತಿಗೆ ಮೂರು ದಿನ ಆಯ್ತು, ಇನ್ನೂ ಹೇಳಿಲ್ಲ.