ಪುಕ್ಕಟೆ ಆಟ, ದುಬಾರಿ ಆಟಗಾರ

ಬೆಂಗಳೂರಿನ ಒಂದು ಸಣ್ಣ ಮೊಬೈಲ್ ಗೇಮ್ ಕಂಪನಿಯಲ್ಲಿ ಜಾಹೀರಾತಿನ ಖರ್ಚುವೆಚ್ಚ ನೋಡಿಕೊಳ್ಳುವುದು ನನ್ನ ಕೆಲಸ. ಮದುವೆ ಮುಂಜಿಗಳಲ್ಲಿ ಸಿಗುವ ನೆಂಟರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ಆಟ ಪುಕ್ಕಟೆ ಎಂದ ಮೇಲೆ ನಿಮ್ಮ ಸಂಬಳ ಎಲ್ಲಿಂದ ಬರುತ್ತದೆ? ಊಟದ ಪಂಕ್ತಿಯಲ್ಲಿ ಕುಳಿತು ಉತ್ತರಿಸುವಷ್ಟು ಸಣ್ಣ ಪ್ರಶ್ನೆ ಇದಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಉದ್ಯಮದಲ್ಲಿ ಆಟವನ್ನು ಮಾರುವುದಕ್ಕೆ ಮೊದಲು ಆಟಗಾರನನ್ನು ಕೊಂಡು ತರಬೇಕಾಗುತ್ತದೆ, ಮತ್ತು ಕಂಪನಿಗಳ ನಡುವಿನ ಪೈಪೋಟಿಯ ಬಹುಪಾಲು ನಡೆಯುವುದು ಆ ಖರೀದಿಯ ಹರಾಜಿನಲ್ಲಿ.

ಮೊದಲು ಹೀಗಿರಲಿಲ್ಲ. 2008ರ ಜುಲೈನಲ್ಲಿ ಆಪಲ್‌ನ ಆಪ್ ಸ್ಟೋರ್ ತೆರೆದಾಗ ಅದರಲ್ಲಿ ಇದ್ದದ್ದು ಸುಮಾರು 500 ಆಪ್‌ಗಳು. ಆಟ ಬೇಕಾದವರು ಹೆಚ್ಚಾಗಿ ದುಡ್ಡು ಕೊಟ್ಟು ಇಳಿಸಿಕೊಳ್ಳುತ್ತಿದ್ದರು. 2009ರ ಅಕ್ಟೋಬರ್‌ನಲ್ಲಿ ಉಚಿತ ಆಪ್‌ಗಳ ಒಳಗೂ ವಸ್ತುಗಳನ್ನು ಮಾರಬಹುದೆಂದು ಆಪಲ್ ಒಪ್ಪಿದ ಮೇಲೆ ಲೆಕ್ಕ ಬದಲಾಯಿತು. 2012ರಲ್ಲಿ ಬಂದ ಕ್ಯಾಂಡಿ ಕ್ರಷ್ ಸಾಗಾ ಮತ್ತು ಕ್ಲಾಷ್ ಆಫ್ ಕ್ಲಾನ್ಸ್ ಆಟಗಳು, ಬಹುಪಾಲು ಆಟಗಾರರು ಒಂದು ಪೈಸೆಯನ್ನೂ ಕೊಡದಿದ್ದರೂ ಉಳಿದ ಕೆಲವರ ಹಣದಿಂದಲೇ ಸಾಮ್ರಾಜ್ಯ ಕಟ್ಟಬಹುದೆಂದು ತೋರಿಸಿಕೊಟ್ಟವು. ಹಣ ಕೊಡದವರು ಜಾಹೀರಾತು ನೋಡಿ ಋಣ ತೀರಿಸುತ್ತಾರೆ.

ಈಗ ಲೆಕ್ಕಕ್ಕೆ ಬರೋಣ. ಒಬ್ಬ ಆಟಗಾರ ನಮ್ಮ ಆಟವನ್ನು ಇನ್‌ಸ್ಟಾಲ್ ಮಾಡುವಂತೆ ಮಾಡಲು ತಗಲುವ ಜಾಹೀರಾತಿನ ಖರ್ಚಿಗೆ ನಾವು ಸಿಪಿಐ ಎನ್ನುತ್ತೇವೆ. ಅವನು ಆಟ ಬಿಟ್ಟು ಹೋಗುವ ತನಕ ನಮಗೆ ತಂದುಕೊಡುವ ಒಟ್ಟು ಹಣಕ್ಕೆ ಎಲ್‌ಟಿವಿ ಎನ್ನುತ್ತೇವೆ. ಸಿಪಿಐ 20 ರೂಪಾಯಿ, ಎಲ್‌ಟಿವಿ 24 ರೂಪಾಯಿ ಎಂದಿಟ್ಟುಕೊಳ್ಳಿ: ಮೇಲ್ನೋಟಕ್ಕೆ ಲಾಭ. ಆದರೆ ಆ 24 ರೂಪಾಯಿ ಆಟದೊಳಗಿನ ಖರೀದಿಯಿಂದಲೇ ಬಂದದ್ದಾದರೆ ಅಂಗಡಿಯವರ ಪಾಲು ಹೋಗಬೇಕು. ಆಪಲ್ ಮತ್ತು ಗೂಗಲ್ ಎರಡೂ ಬಹುಕಾಲ ಶೇ 30 ತೆಗೆದುಕೊಳ್ಳುತ್ತಿದ್ದವು. 2021ರಿಂದ, ವರ್ಷಕ್ಕೆ 10 ಲಕ್ಷ ಡಾಲರ್ ಒಳಗಿನ ಗಳಿಕೆಗೆ ಅದನ್ನು ಶೇ 15ಕ್ಕೆ ಇಳಿಸಿದವು. ಶೇ 15ರಲ್ಲಿ ನಮಗೆ ಉಳಿಯುವುದು 40 ಪೈಸೆ. ಶೇ 30 ಆದರೆ ಕೈಯಿಂದಲೇ ಮೂರು ರೂಪಾಯಿ ಚಿಲ್ಲರೆ ಹೋಗುತ್ತದೆ. ಅದೂ 20 ರೂಪಾಯಿ ಇವತ್ತೇ ಖರ್ಚಾಗುತ್ತದೆ, 24 ರೂಪಾಯಿ ಬರುವುದಕ್ಕೆ ತಿಂಗಳುಗಳು ಹಿಡಿಯುತ್ತವೆ. ಒಳ್ಳೆಯ ಆಟ ಮಾಡಿಯೂ ಎಷ್ಟೋ ತಂಡಗಳು ಮುಚ್ಚಿಹೋಗುವುದು ಈ ನಡುವಿನ ತಿಂಗಳುಗಳಲ್ಲಿ, ಕೈಯಲ್ಲಿ ದುಡ್ಡಿಲ್ಲದೆ.

ಸಿಪಿಐ ದರವನ್ನು ನಾವು ನಿಗದಿ ಮಾಡುವುದಿಲ್ಲ. ನೀವು ಒಂದು ಹಂತ ಮುಗಿಸಿ ಮುಂದಿನದಕ್ಕೆ ಹೋಗುವ ಕ್ಷಣದಲ್ಲಿ ಪರದೆಯ ಮೇಲೆ ಯಾರ ಜಾಹೀರಾತು ಬರಬೇಕೆಂಬುದು ರೆಪ್ಪೆ ಮಿಟುಕಿಸುವುದರೊಳಗೆ ಹರಾಜಾಗಿರುತ್ತದೆ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯ ಟೆಂಡರಿನಂತೆ ಇಲ್ಲಿಯೂ ಹೆಚ್ಚು ಬರೆದವನಿಗೆ ಮಾಲು; ಮಾಲು ಎಂದರೆ ನೀವು. ಇನ್ನೂ ವಿಚಿತ್ರವೆಂದರೆ, ಆ ಹರಾಜಿನಲ್ಲಿ ಗೆಲ್ಲುವವರಲ್ಲಿ ಬಹಳ ಮಂದಿ ನಮ್ಮ ಪ್ರತಿಸ್ಪರ್ಧಿಗಳೇ ಆಗಿರುತ್ತಾರೆ. ಕಷ್ಟಪಟ್ಟು ತಂದ ಆಟಗಾರನಿಗೆ ಇನ್ನೊಬ್ಬರ ಆಟದ ಜಾಹೀರಾತು ತೋರಿಸಿ, ಅದರಿಂದ ಬಂದ ಹಣವನ್ನು ಮತ್ತೊಬ್ಬ ಆಟಗಾರನನ್ನು ತರಲು ಬೇರೊಬ್ಬ ಪ್ರತಿಸ್ಪರ್ಧಿಗೆ ಕೊಡುತ್ತೇವೆ. ಹೊರಗಿನವರಿಗೆ ಇದು ಹುಚ್ಚಾಟದಂತೆ ಕಂಡರೆ ನಾನು ವಾದಿಸುವುದಿಲ್ಲ.

ಈ ಹರಾಜಿನ ಸ್ವರೂಪವೇ ಬದಲಾದದ್ದು 2021ರ ಏಪ್ರಿಲ್‌ನಲ್ಲಿ. ಅಲ್ಲಿಯವರೆಗೆ ಪ್ರತಿ ಐಫೋನಿಗೂ ಇದ್ದ ಜಾಹೀರಾತು ಗುರುತಿನ ಸಂಖ್ಯೆಯ ಮೂಲಕ, ಯಾರು ಯಾವ ಆಟದಲ್ಲಿ ಹಣ ಖರ್ಚು ಮಾಡುತ್ತಾರೆಂಬುದನ್ನು ಜಾಹೀರಾತು ಕಂಪನಿಗಳು ಬಲ್ಲವಾಗಿದ್ದವು. ಕೈ ಬಿಚ್ಚಿ ಖರ್ಚು ಮಾಡುವ ಆ ಕೆಲವರನ್ನು, ನಮ್ಮ ಭಾಷೆಯಲ್ಲಿ ‘ವೇಲ್’ಗಳನ್ನು (ತಿಮಿಂಗಿಲಗಳನ್ನು), ನೇರವಾಗಿ ಹುಡುಕಿ ಹಿಡಿಯಬಹುದಾಗಿತ್ತು. ಐಫೋನಿನ ಹೊಸ ತಂತ್ರಾಂಶ ಐಒಎಸ್ 14.5 ಬಂದ ಮೇಲೆ ಆ ಸಂಖ್ಯೆ ಬೇಕಾದರೆ ಬಳಕೆದಾರರ ಒಪ್ಪಿಗೆ ಕೇಳಲೇಬೇಕಾಯಿತು, ಬಹಳ ಜನ ಬೇಡವೆಂದರು. ಇದರಿಂದ 2022ರಲ್ಲಿ ತನಗೆ ಸುಮಾರು 1,000 ಕೋಟಿ ಡಾಲರ್ ವರಮಾನ ತಪ್ಪಬಹುದೆಂದು ಫೇಸ್‌ಬುಕ್‌ನ ಒಡೆಯ ಕಂಪನಿ ಮೆಟಾ ಅಂದಾಜು ಮಾಡಿತ್ತು. ಬಳಕೆದಾರನಾಗಿ ನಾನು ಆ ಕ್ರಮವನ್ನು ಮೆಚ್ಚುತ್ತೇನೆ, ನನ್ನ ಫೋನಿನಲ್ಲಿ ಯಾರಿಗೂ ಒಪ್ಪಿಗೆ ಕೊಟ್ಟಿಲ್ಲ. ಆದರೆ ಅದರ ಪೆಟ್ಟು ಹೆಚ್ಚು ಬಿದ್ದದ್ದು ಸಣ್ಣವರಿಗೆ ಎಂಬುದನ್ನೂ ಹೇಳಬೇಕು. ಹತ್ತಾರು ಆಟಗಳಿರುವ ದೊಡ್ಡ ಕಂಪನಿ ತನ್ನದೇ ಆಟಗಾರರ ನಡೆಯನ್ನು ತಾನೇ ಬಲ್ಲದು. ಒಂದೇ ಆಟವಿರುವವನು ಕುರುಡನಾಗುತ್ತಾನೆ. 2021ರಲ್ಲೇ ಅಮೆರಿಕದ ಗೇಮ್ ಕಂಪನಿ ಜಿಂಗಾ ಚಾರ್ಟ್‌ಬೂಸ್ಟ್ ಎಂಬ ಜಾಹೀರಾತು ಜಾಲವನ್ನು ಕೊಂಡಿತು, ಮರುವರ್ಷ ಜಿಂಗಾವನ್ನೇ ಇನ್ನೂ ದೊಡ್ಡ ಗೇಮ್ ಕಂಪನಿ ಟೇಕ್-ಟೂ 1,270 ಕೋಟಿ ಡಾಲರಿಗೆ ಕೊಂಡಿತು. ಭಾರತದಲ್ಲಿ ಐಫೋನ್ ಕಡಿಮೆ, ಆದ್ದರಿಂದ ಇಲ್ಲಿನವರಿಗೆ ಇದು ತಟ್ಟಲಿಲ್ಲ ಎನ್ನುವಂತಿಲ್ಲ. ಕೋರಮಂಗಲ, ಎಚ್‌ಎಸ್‌ಆರ್ ಲೇಔಟ್‌ಗಳಲ್ಲಿ ಕುಳಿತು ಆಟ ಮಾಡುವ ಅನೇಕ ತಂಡಗಳ ಕಣ್ಣು ಇರುವುದು ಹಣ ಕೊಡುವ ಅಮೆರಿಕದ ಆಟಗಾರರ ಮೇಲೆಯೇ.

ಗುರಿ ಮಸುಕಾದ ಮೇಲೆ ಉಳಿದ ಆಯುಧ ಜಾಹೀರಾತಿನ ವಿಡಿಯೊ. ಆಟದಲ್ಲಿ ಇಲ್ಲದ್ದನ್ನು ವಿಡಿಯೊದಲ್ಲಿ ತೋರಿಸುವ ಚಾಳಿ ಎಷ್ಟು ಬೆಳೆದಿತ್ತೆಂದರೆ, 2020ರಲ್ಲಿ ಬ್ರಿಟನ್ನಿನ ಜಾಹೀರಾತು ನಿಯಂತ್ರಣ ಸಂಸ್ಥೆ ಪ್ಲೇರಿಕ್ಸ್ ಕಂಪನಿಯ ಎರಡು ಆಟಗಳ ಜಾಹೀರಾತುಗಳು ದಾರಿ ತಪ್ಪಿಸುವಂಥವೆಂದು ತಡೆಹಿಡಿಯಿತು. ಚಾಳಿ ಅದರಿಂದೇನೂ ನಿಲ್ಲಲಿಲ್ಲ. ಇನ್ನೊಂದು ಪದ್ಧತಿ ನನಗೆ ಇದಕ್ಕಿಂತ ಪ್ರಾಮಾಣಿಕವಾಗಿ ಕಾಣುತ್ತದೆ: ಆಟವನ್ನು ಬರೆಯುವ ಮೊದಲೇ ಅದರ ಕೆಲವು ಸೆಕೆಂಡುಗಳ ವಿಡಿಯೊ ಮಾಡಿ, ಸ್ವಲ್ಪ ಹಣ ಹಾಕಿ ಓಡಿಸಿ, ಜನ ಕ್ಲಿಕ್ ಮಾಡದಿದ್ದರೆ ಆ ಕಲ್ಪನೆಯನ್ನೇ ಕೈಬಿಡುವುದು. ವರ್ಷಗಟ್ಟಲೆ ದುಡಿದು ಸೋಲುವುದಕ್ಕಿಂತ ಇದು ಮೇಲು. ಆದರೆ ಹೀಗೆ ಸೋಸುತ್ತಾ ಹೋದರೆ ಒಂದೇ ನೋಟಕ್ಕೆ ಅರ್ಥವಾಗುವ ಆಟಗಳಷ್ಟೇ ಜರಡಿಯಲ್ಲಿ ಉಳಿಯುತ್ತವೆ.

ದೊಡ್ಡವರ ಮಟ್ಟ ಬೇರೆಯೇ. 2015ರಲ್ಲಿ ಅಮೆರಿಕದ ಸೂಪರ್ ಬೌಲ್ ಪಂದ್ಯದ ನಡುವೆ ಕ್ಲಾಷ್ ಆಫ್ ಕ್ಲಾನ್ಸ್ ಜಾಹೀರಾತಿನಲ್ಲಿ ನಟ ಲಿಯಾಮ್ ನೀಸನ್ ಗುಡುಗಿದ್ದರು. 2023ರಲ್ಲಿ ಬಂದ ಮೊನೊಪೊಲಿ ಗೋ ಆಟದ ಪ್ರಚಾರಕ್ಕೆ ಅದರ ಕಂಪನಿ ಸ್ಕೋಪ್ಲಿ ಸುಮಾರು 50 ಕೋಟಿ ಡಾಲರ್ ಸುರಿಯಿತು.

ನಮ್ಮಲ್ಲಿ ಡೌನ್‌ಲೋಡ್ ಹೇರಳ, ವರಮಾನ ವಿರಳ. ಇಲ್ಲಿ ಗೆದ್ದವರು ಜನ ಆಗಲೇ ಬಲ್ಲ ಆಟಗಳನ್ನೇ ಹಿಡಿದರು. ಜಿಂಗಾದ ಬೆಂಗಳೂರು ಕಚೇರಿಯಲ್ಲಿ ದುಡಿದಿದ್ದ ಕೆಲವರು 2013ರಲ್ಲಿ ಇದೇ ಊರಿನಲ್ಲಿ ಮೂನ್‌ಫ್ರಾಗ್ ಲ್ಯಾಬ್ಸ್ ಕಟ್ಟಿ ಮೂರೆಲೆಯ ಇಸ್ಪೀಟಾಟ ತೀನ್ ಪತ್ತಿ ಗೋಲ್ಡ್ ತಂದಾಗ, ಆಕ್ಟ್ರೋ ಕಂಪನಿಯ ತೀನ್ ಪತ್ತಿ ಆಗಲೇ ಬೇರೂರಿತ್ತು. ನಿಯಮ ವಿವರಿಸಬೇಕಿಲ್ಲದ ಆಟಕ್ಕೆ ಪ್ರಚಾರದ ಅರ್ಧ ಖರ್ಚು ಉಳಿದಂತೆ, ಹಾಗಾಗಿ ಎರಡನೆಯವರಾಗಿ ಬಂದವರಿಗೂ ಜಾಗ ಸಿಕ್ಕಿತು. 2021ರಲ್ಲಿ ಸ್ವೀಡನ್ನಿನ ಸ್ಟಿಲ್‌ಫ್ರಂಟ್ ಸಮೂಹ ಮೂನ್‌ಫ್ರಾಗ್ ಅನ್ನು ಸುಮಾರು 9 ಕೋಟಿ ಡಾಲರಿಗೆ ಖರೀದಿಸಿತು.

ಈ ನಡುವೆ ಹಣ ಕಟ್ಟಿ ಆಡುವ ಆಟಗಳ ಕಂಪನಿಗಳು ಹರಾಜಿನ ದರವನ್ನು ಮೇಲಕ್ಕೆ ಎಳೆದಿದ್ದವು. ಅವರಿಗೆ ಒಬ್ಬ ಆಟಗಾರನಿಂದ ಬರುವ ಹಣ ನಮ್ಮದಕ್ಕಿಂತ ಎಷ್ಟೋ ಪಟ್ಟು ಹೆಚ್ಚಾದ್ದರಿಂದ ಎಷ್ಟಾದರೂ ಕೂಗಬಲ್ಲವರಾಗಿದ್ದರು. ಡ್ರೀಮ್11 ಕಂಪನಿ 2020ರ ಐಪಿಎಲ್ ಶೀರ್ಷಿಕೆ ಪ್ರಾಯೋಜಕತ್ವವನ್ನು 222 ಕೋಟಿ ರೂಪಾಯಿಗೆ ಪಡೆದಿತ್ತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾನೂನು ಅಂಥ ಆಟಗಳನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸಿತು. ಇನ್ನು ನಮಗೆ ಆಟಗಾರರು ಅಗ್ಗವಾಗುತ್ತಾರೆಂದು ಹಿಗ್ಗಿದ ಗೆಳೆಯರಿಗೆ ನಾನು ಹೇಳಿದ್ದು ಇಷ್ಟೇ: ಅದೇ ಜಾಗಕ್ಕೆ ಹತ್ತು ನಿಮಿಷದಲ್ಲಿ ದಿನಸಿ ತಂದುಕೊಡುವವರೂ, ಸಾಲ ಕೊಡುವ ಆಪ್‌ಗಳೂ ಕೂಗುತ್ತಾರೆ.

ಹಾಗಾದರೆ ದುಡ್ಡಿಲ್ಲದವರು ಏನು ಮಾಡಬೇಕು? ನನ್ನ ಮಟ್ಟಿಗೆ ಉತ್ತರ ಇರುವುದು ನವಿ ಮುಂಬೈನ ಗೇಮೆಷನ್ ಕಂಪನಿ 2016ರಲ್ಲಿ ಹೊರತಂದ ಲೂಡೊ ಕಿಂಗ್ ಆಟದಲ್ಲಿ. 2020ರ ಲಾಕ್‌ಡೌನ್‌ನಲ್ಲಿ ಅದು ಮನೆಮನೆಗೆ ಹರಡಿತು. ಒಬ್ಬರು ರೂಮ್ ತೆರೆದು ಅದರ ಕೋಡನ್ನು ವಾಟ್ಸಾಪ್‌ನಲ್ಲಿ ಕಳಿಸಿದರೆ ಉಳಿದ ಮೂವರು ಆಟವನ್ನು ಇಳಿಸಿಕೊಂಡು ಸೇರುತ್ತಿದ್ದರು, ಹಾಗೆ ಸೇರಿದವರಿಗಾಗಿ ಕಂಪನಿ ಯಾವ ಹರಾಜಿನಲ್ಲಿಯೂ ಕೂಗಬೇಕಾಗಿರಲಿಲ್ಲ. ನನಗೆ ಕನ್ನಡದ ಒಂದು ಆಟ ಮಾಡುವ ಅವಕಾಶ ಸಿಕ್ಕರೆ ಚೌಕಾಬಾರವನ್ನು ಇದೇ ದಾರಿಯಲ್ಲಿ ತರುತ್ತೇನೆ. ಪ್ಲೇ ಸ್ಟೋರಿನ ವಿವರಣೆಯನ್ನೂ ವಿಡಿಯೊದ ದನಿಯನ್ನೂ ಕನ್ನಡದವರಿಂದಲೇ ಮಾಡಿಸುತ್ತೇನೆ, ಹಿಂದಿ ಜಾಹೀರಾತಿಗೆ ಕನ್ನಡದ ಅಂಗಿ ತೊಡಿಸಿದ್ದನ್ನು ನಮ್ಮ ಜನ ಮೊದಲ ಸಾಲಿಗೇ ಗುರುತಿಸುತ್ತಾರೆ. ಬಿಡುಗಡೆಗೆ ದೀಪಾವಳಿಯನ್ನು ಬಿಟ್ಟು ಶಿವರಾತ್ರಿಯನ್ನು ಆರಿಸುತ್ತೇನೆ, ಏಕೆಂದರೆ ದೀಪಾವಳಿಯ ಹೊತ್ತಿಗೆ ಎಲ್ಲ ಕಂಪನಿಗಳ ಹಬ್ಬದ ಬಜೆಟ್ಟೂ ಹರಾಜಿಗೆ ಇಳಿದಿರುತ್ತದೆ, ಶಿವರಾತ್ರಿಯಲ್ಲಿ ಆ ನೂಕುನುಗ್ಗಲು ಇರುವುದಿಲ್ಲ. ಜಾಗರಣೆಗೆ ಕವಡೆ ಹಿಡಿದು ಕೂರುವ ಪದ್ಧತಿಯೂ ಎಷ್ಟೋ ಮನೆಗಳಲ್ಲಿದೆ. ಬೆಂಗಳೂರಿನಲ್ಲಿರುವ ಮಕ್ಕಳು ಹಾಸನದಲ್ಲೋ ದಾವಣಗೆರೆಯಲ್ಲೋ ಇರುವ ತಾಯಂದಿರಿಗೆ ಕೋಡ್ ಕಳಿಸಿದರೆ ಸಾಕು. ಒಂದು ಎಚ್ಚರಿಕೆ ಮಾತ್ರ ಬೇಕು. ಎದುರಾಳಿಯ ಒಂದು ಕಾಯನ್ನಾದರೂ ಕಡಿಯದೆ ಒಳಮನೆಗೆ ಹೋಗಬಹುದೇ, ಜೋಡಿ ಕಾಯಿಗಳನ್ನು ಹೇಗೆ ನಡೆಸಬೇಕು ಎಂಬ ನಿಯಮಗಳು ಮನೆಯಿಂದ ಮನೆಗೆ ಬೇರೆಯಾಗಿರುವುದರಿಂದ, ಅವನ್ನು ಆರಿಸುವ ಸ್ವಾತಂತ್ರ್ಯವನ್ನು ರೂಮ್ ತೆರೆದವರಿಗೇ ಬಿಡಬೇಕು. ಇಲ್ಲದಿದ್ದರೆ ಎರಡನೆಯ ಆಟ ಶುರುವಾಗುವ ಮೊದಲೇ ಅರ್ಧ ಜನ ಜಗಳವಾಡಿ ಎದ್ದುಹೋಗುತ್ತಾರೆ.