ರಿಪೋರ್ಟಿನ ಕೊನೇ ಸಾಲು

ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್, ಅಂದರೆ ಕಿಡ್ನಿ ಸೋಸಿ ಹೊರಹಾಕುವ ಕಸ, 1.1. ಪಕ್ಕದಲ್ಲೇ ನಾರ್ಮಲ್ ಮಿತಿ 0.6ರಿಂದ 1.1 ಅಂತ ಅಚ್ಚಾಗಿತ್ತು. ಗೆರೆ ದಾಟಿಲ್ಲ, ಸರಿ. ಆದರೆ ಅದರ ಕೆಳಗೆ ಇಜಿಎಫ್‌ಆರ್ 55 ಅಂತ ಇನ್ನೊಂದು ಸಾಲು, ದಪ್ಪ ಅಕ್ಷರದಲ್ಲಿ. ಕಿಡ್ನಿ ರಕ್ತವನ್ನು ಎಷ್ಟು ಸೋಸುತ್ತಿದೆ ಅನ್ನುವ ಸಂಖ್ಯೆ ಅದು. ನನಗೆ 66 ವರ್ಷ. ಬಿಪಿ ಇದೆ, ಶುಗರ್ ಇಲ್ಲ. ಮಗ ಫೋನಿನಲ್ಲಿ ಹುಡುಕಿ, 60ಕ್ಕಿಂತ ಕೆಳಗೇ ಮೂರು ತಿಂಗಳು ಉಳಿದರೆ ಅದನ್ನು ಕಿಡ್ನಿ ಕಾಯಿಲೆ ಅಂತಾರೆ ಅಂದ. ಆ ರಾತ್ರಿ ನಿದ್ದೆ ಹತ್ತಿರ ಸುಳಿಯಲಿಲ್ಲ.

ನನ್ನ ಭಯಕ್ಕೆ ಕಾರಣ ದೊಡ್ಡಮ್ಮ. ವಾರಕ್ಕೆ ಮೂರು ಸಲ ಕೋಲಾರದಿಂದ ಬೆಂಗಳೂರಿಗೆ ಬಸ್ಸು ಹತ್ತುತ್ತಿದ್ದರು. ಪ್ರತಿ ಸಲವೂ ನಾಲ್ಕು ಗಂಟೆ ಡಯಾಲಿಸಿಸ್. ಎಡಗೈಯಲ್ಲಿ ಫಿಸ್ಟುಲಾ ಮಾಡಿದ ಜಾಗದಲ್ಲಿ, ಅಂದರೆ ಡಯಾಲಿಸಿಸ್ ಸೂಜಿ ಚುಚ್ಚಲು ಎರಡು ರಕ್ತನಾಳ ಜೋಡಿಸಿದ ಕಡೆ, ನಾಳ ಹಗ್ಗದಂತೆ ಉಬ್ಬಿತ್ತು. ಅದರ ಮೇಲೆ ಬೆರಳಿಟ್ಟರೆ ಗುಂಯ್ ಅಂತ ನಡುಗುವುದು ತಿಳಿಯುತ್ತಿತ್ತು. ನಾನು 55 ಅಂತ ಓದಿದೆ, ಕಣ್ಣಿಗೆ ಕಂಡಿದ್ದು ಆ ಕೈ.

ಸಲಹೆಗಳಿಗೇನು ಕಡಿಮೆಯೇ? ಒಬ್ಬರು ಬಾಳೆದಿಂಡಿನ ರಸ ಕುಡಿಯಿರಿ ಅಂದರು. ಇನ್ನೊಬ್ಬರು ದಿನಕ್ಕೆ ಐದು ಲೀಟರ್ ನೀರು ಅಂದರು. ಎಲ್ಲಾ ಬೋರ್‌ವೆಲ್ ನೀರಿನಿಂದಲೇ ಅಂತ ಮತ್ತೊಬ್ಬರು. ನಮ್ಮ ಜಿಲ್ಲೆಯ ಎಷ್ಟೋ ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಜಾಸ್ತಿ. ಹಲ್ಲು, ಮೂಳೆ ಕೆಟ್ಟವರನ್ನು ಕಣ್ಣಾರೆ ಕಂಡಿದ್ದೇವೆ. ಹಾಗಾಗಿ ಆ ಮಾತು ಬೇಗ ಮನಸ್ಸಿಗೆ ಹತ್ತಿತು.

ಕಿಡ್ನಿ ಡಾಕ್ಟರು ರಿಪೋರ್ಟ್ ನೋಡುವ ಮೊದಲೇ ಕೇಳಿದ್ದು, "ಮಂಡಿ ನೋವಿಗೆ ಏನಾದ್ರೂ ಮಾತ್ರೆ ನುಂಗ್ತೀರಾ?" ಇಲ್ಲ ಅಂದೆ. ಡೈಕ್ಲೋಫೆನಾಕ್, ಐಬುಪ್ರೊಫೆನ್ ತರದ ನೋವಿನ ಮಾತ್ರೆಗಳು ಕಿಡ್ನಿಗೆ ಹೋಗುವ ರಕ್ತವನ್ನೇ ಕಡಿಮೆ ಮಾಡುತ್ತವಂತೆ. ವಯಸ್ಸಾದವರಿಗೆ, ಬಿಪಿ ಇರುವವರಿಗೆ ಅಪಾಯ ಇನ್ನೂ ಜಾಸ್ತಿ. ಆಮೇಲೆ 55ರ ಲೆಕ್ಕ ಬಿಡಿಸಿ ಹೇಳಿದರು. ಅದು ಅಳೆದ ಸಂಖ್ಯೆಯಲ್ಲ, ಕ್ರಿಯಾಟಿನಿನ್, ವಯಸ್ಸು, ಹೆಣ್ಣೋ ಗಂಡೋ ಅನ್ನುವುದರ ಮೇಲೆ ಹಾಕಿದ ಅಂದಾಜು. ನಲವತ್ತರ ನಂತರ ವರ್ಷಕ್ಕೆ ಹೆಚ್ಚುಕಡಿಮೆ ಒಂದರಂತೆ ಇಳಿಯುವುದು ಸಾಮಾನ್ಯ. ಮೈಯಲ್ಲಿ ನೀರು ಕಡಿಮೆಯಾಗಿದ್ದರೂ ಏರುಪೇರಾಗುತ್ತದೆ. "ಎಷ್ಟು ಸೋಸ್ತಿದೆ ಅನ್ನೋದು ಒಂದು. ಪ್ರೋಟೀನ್ ಸೋರ್ತಿದೆಯಾ ಅನ್ನೋದು ಇನ್ನೊಂದು. ಎರಡೂ ಗೊತ್ತಾಗ್ಬೇಕು" ಅಂತ, ಸೋರಿಕೆ ತಿಳಿಯಲು ಮೂತ್ರದ ಎಸಿಆರ್ ಪರೀಕ್ಷೆ ಬರೆದರು. ಬಾಳೆದಿಂಡಿನ ವಿಷಯ ಕೇಳಿದೆ. ಕಿಡ್ನಿ ಕಲ್ಲು ಬೇರೆ, ಇದು ಬೇರೆ ಅಂದರು. ನೀರನ್ನೂ ಬಲವಂತವಾಗಿ ಕುಡಿಯಬೇಕಿಲ್ಲ.

ಎಸಿಆರ್ 12 ಬಂತು. 30ರೊಳಗಿದ್ದರೆ ಸರಿ. ಸ್ಕ್ಯಾನಿಂಗ್‌ನಲ್ಲೂ ತೊಂದರೆ ಕಾಣಲಿಲ್ಲ. ಆದರೂ ಮೂರು ತಿಂಗಳು ಬಿಟ್ಟು ರಕ್ತ ಮತ್ತೆ ಕೊಡಬೇಕಿತ್ತು.

ಆ ಮೂರು ತಿಂಗಳು ಇದೆಯಲ್ಲ, ಅದೇ ಕಷ್ಟದ್ದು. ಬೆಳಿಗ್ಗೆ ಎದ್ದರೆ ಮೂತ್ರದಲ್ಲಿ ನೊರೆ ಇದೆಯಾ ಅಂತ ನೋಡುವುದು. ಸಂಜೆ ಪಾದ ಒತ್ತಿ, ಗುಳಿ ಬಿತ್ತಾ ಅಂತ ಮತ್ತೆ ಮತ್ತೆ ನೋಡುವುದು. ಊಟದಲ್ಲಿ ಮುದ್ದೆ, ಮಸ್ಸೊಪ್ಪು ಹಾಗೇ ಉಳಿದವು. ಉಪ್ಪು ಮಾತ್ರ ಇಳಿಯಿತು. ದಿನಕ್ಕೆ ಐದು ಗ್ರಾಂ ಒಳಗೆ, ಅಂದರೆ ಎಲ್ಲಾ ಸೇರಿ ಒಂದು ಟೀ ಚಮಚಕ್ಕೂ ಕಡಿಮೆ. ಮಾವಿನಕಾಯಿ ಉಪ್ಪಿನಕಾಯಿ ಇಲ್ಲದ ಊಟ ಕೋಲಾರದವರಿಗೆ ಎಷ್ಟು ಸಪ್ಪೆ ಅಂತ ಹೇಳಬೇಕಾಗಿಲ್ಲ. ಬಿಪಿ 130/80ರ ಒಳಗೆ ಬಂತು.

ಎರಡನೇ ರಿಪೋರ್ಟಿನಲ್ಲಿ 56. 60ಕ್ಕಿಂತ ಕಡಿಮೆಯೇ, ಮಗ ಹೇಳಿದ ಲೆಕ್ಕದಲ್ಲಿ ಕಾಯಿಲೆಯೇ, ಆದರೆ ಇಳಿಯುತ್ತಿಲ್ಲ. ಡಯಾಲಿಸಿಸ್ ಮಾತು ಹತ್ತಿರಕ್ಕೂ ಬರಲಿಲ್ಲ. ವರ್ಷಕ್ಕೊಮ್ಮೆ ಎರಡೂ ಪರೀಕ್ಷೆ ಮಾಡಿಸಿ ಸಾಕು ಅಂದರು. ಹೊರಗೆ ಬಂದು ಮಗನ ಕೈ ಹಿಡಿದು ಅತ್ತೆ.

ನನಗೀಗ ಚಿಂತೆ ಎದುರುಮನೆಯಾಕೆಯದು. ಟೊಮ್ಯಾಟೊ ಮಂಡಿಯಲ್ಲಿ ಬೆಳಗಿನಿಂದ ನಿಂತೇ ಕೆಲಸ. ಹತ್ತು ವರ್ಷದಿಂದ ಶುಗರ್. ಸೊಂಟ ನೋವು ಅಂತ ಮೆಡಿಕಲ್ ಸ್ಟೋರಿನಿಂದ ಚೀಟಿ ಇಲ್ಲದೆ ಮಾತ್ರೆ ತಂದು ನುಂಗುತ್ತಾರೆ. ಕಿಡ್ನಿ ಪರೀಕ್ಷೆ ಇದುವರೆಗೂ ಮಾಡಿಸಿಲ್ಲ, ನೋವಿಲ್ಲವಲ್ಲ ಅಂತಾರೆ. ಕಿಡ್ನಿ ಸೊರಗುವಾಗ ಸಾಮಾನ್ಯವಾಗಿ ನೋವೇ ಇರುವುದಿಲ್ಲ ಅಂತ ಹೇಳಿ ಹೇಳಿ ಒಪ್ಪಿಸಿದ್ದೇನೆ. ಸೋಮವಾರ ಕರೆದುಕೊಂಡು ಹೋಗುತ್ತೇನೆ. ಕ್ರಿಯಾಟಿನಿನ್ ಜೊತೆ ಎಸಿಆರ್ ಕೂಡ ಬರೆದುಕೊಡಿ ಅಂತ ಡಾಕ್ಟರನ್ನು ನಾನೇ ಕೇಳುತ್ತೇನೆ.