ಲೂಕ್ ಕೀಕ್ಲಿ 28ಕ್ಕೇ ಆಟ ಬಿಟ್ಟದ್ದೇಕೆ?

ನಾನು ಶಾರ್ಲಟ್‌ನಲ್ಲಿ ನೆಲೆಸಿರುವವನು, ಅಮೆರಿಕನ್ ಫುಟ್‌ಬಾಲ್‌ನ ಕೆರೊಲಿನಾ ಪ್ಯಾಂಥರ್ಸ್ ತಂಡದ ಅಭಿಮಾನಿ ಎಂದು ತಿಳಿದವರು ಬಹುಪಾಲು ಕೇಳುವುದು ಒಂದೇ ಪ್ರಶ್ನೆ: ನಿಮ್ಮ ತಂಡದ ಲೂಕ್ ಕೀಕ್ಲಿ ಅಷ್ಟು ಬೇಗ ಆಟ ಬಿಟ್ಟದ್ದೇಕೆ? 2020ರ ಜನವರಿ 14ರಂದು ನಿವೃತ್ತಿ ಪ್ರಕಟಿಸಿದಾಗ ಅವನಿಗೆ 28 ವರ್ಷ. 2015ರಲ್ಲಿ ಸಹಿ ಮಾಡಿದ್ದ, ಸುಮಾರು 6.2 ಕೋಟಿ ಡಾಲರ್ ಮೌಲ್ಯದ ಐದು ವರ್ಷಗಳ ಒಪ್ಪಂದದಲ್ಲಿ ಇನ್ನೂ ಎರಡು ವರ್ಷ ಬಾಕಿ ಇದ್ದವು. ಹೆದರಿಬಿಟ್ಟನೇ, ಆಟವೇ ಬೇಸರವಾಯಿತೇ ಎಂದು ಕೆಲವರು ತಾವೇ ಉತ್ತರವನ್ನೂ ಸೂಚಿಸುತ್ತಾರೆ. ಎರಡೂ ಅಲ್ಲ ಎಂಬುದು ನನ್ನ ದೃಢವಾದ ನಂಬಿಕೆ. ಅವನು ಎಂಥ ಆಟಗಾರನಾಗಿದ್ದ ಎಂಬುದನ್ನು ಹೇಳದೆ ಇದಕ್ಕೆ ಉತ್ತರ ಕೊಡಲಾಗದು.

ಅಮೆರಿಕನ್ ಫುಟ್‌ಬಾಲ್‌ನಲ್ಲಿ ರಕ್ಷಣಾ ತಂಡದ ಮುಂದಿನ ಸಾಲಿನಲ್ಲಿ ದೈತ್ಯರಂಥವರು ನಿಲ್ಲುತ್ತಾರೆ. ಅವರ ಬೆನ್ನ ಹಿಂದೆ ನಿಂತು ಎದುರಾಳಿಯ ಚಲನೆಯನ್ನು ಓದುವವನು ಲೈನ್‌ಬ್ಯಾಕರ್. ಮಧ್ಯದ ಲೈನ್‌ಬ್ಯಾಕರ್‌ನ ಹೆಲ್ಮೆಟ್‌ಗೆ ಸಾಮಾನ್ಯವಾಗಿ ಒಂದು ಹಸಿರು ಚುಕ್ಕೆ ಅಂಟಿಸಿರುತ್ತಾರೆ. ಒಳಗೆ ಸ್ಪೀಕರ್ ಇದೆ ಎಂಬುದರ ಗುರುತು ಅದು. ಕೋಚ್ ಅದರ ಮೂಲಕ ಸೂಚನೆ ಕೊಡುತ್ತಾರೆ. ಮುಂದಿನ ಆಟ ಶುರುಮಾಡಲು ಕೊಟ್ಟ ಸಮಯದ ಗಡಿಯಾರದಲ್ಲಿ 15 ಸೆಕೆಂಡ್ ಉಳಿದಾಗ ಆ ಸಂಪರ್ಕ ಕಡಿಯುತ್ತದೆ. ಅಲ್ಲಿಂದ ಮುಂದೆ ಹನ್ನೊಂದು ಜನರನ್ನು ಸರಿಯಾದ ಜಾಗದಲ್ಲಿ ನಿಲ್ಲಿಸುವುದು ಅವನೊಬ್ಬನ ಹೊಣೆ. ಕೀಕ್ಲಿ ಆಡುತ್ತಿದ್ದುದು ಆ ಜಾಗದಲ್ಲೇ. ಅವನು ಎದುರಾಳಿಗಳ ಹಳೆಯ ಪಂದ್ಯಗಳ ವಿಡಿಯೊಗಳನ್ನು ಎಷ್ಟು ಅಭ್ಯಾಸ ಮಾಡುತ್ತಿದ್ದನೆಂದರೆ, ಚೆಂಡು ಕದಲುವ ಮೊದಲೇ ಅವರು ಏನು ಮಾಡಲಿದ್ದಾರೆಂದು ಕೂಗಿ ಹೇಳುತ್ತಿದ್ದ. ನೂರಕ್ಕೂ ಹೆಚ್ಚು ಕಿಲೊ ತೂಕದ ಆ ದೇಹ ಮೊದಲೇ ತೀರ್ಮಾನವಾದ ಜಾಗಕ್ಕೆ ಹೋಗಿ ನಿಂತಿರುತ್ತಿತ್ತು.

ಇದು ಕಾಲೇಜಿನಲ್ಲೇ ಕಾಣಿಸಿಕೊಂಡಿತ್ತು. ಸಿನ್ಸಿನ್ನಾಟಿಯ ಹುಡುಗ 2009ರಲ್ಲಿ ಬೋಸ್ಟನ್ ಕಾಲೇಜಿಗೆ ಬಂದಾಗ ಆ ತಂಡದ ಹೆಸರಾಂತ ಲೈನ್‌ಬ್ಯಾಕರ್ ಮಾರ್ಕ್ ಹರ್ಜ್ಲಿಕ್ ಮೂಳೆ ಕ್ಯಾನ್ಸರ್ ಚಿಕಿತ್ಸೆಯಲ್ಲಿದ್ದ. ಮೊದಲ ವರ್ಷವೇ ಆಡಲಿಳಿದ ಕೀಕ್ಲಿ 158 ಟ್ಯಾಕಲ್ (ಚೆಂಡು ಹಿಡಿದವನನ್ನು ಕೆಡವುವುದು) ಮಾಡಿದ. ಮುಂದಿನ ವರ್ಷ 183, ಅದರ ಮುಂದಿನ ವರ್ಷ 191. ಆ ಎರಡೂ ವರ್ಷ ದೇಶದಲ್ಲೇ ಅತಿ ಹೆಚ್ಚು ಅವನವೇ. 2011ರಲ್ಲಿ ಅತ್ಯುತ್ತಮ ಲೈನ್‌ಬ್ಯಾಕರ್‌ಗೆ ಸಲ್ಲುವ ಬಟ್ಕಸ್ ಪ್ರಶಸ್ತಿ ಬಂತು. ವೃತ್ತಿ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ 2012ರ ಡ್ರಾಫ್ಟ್‌ನಲ್ಲಿ ಒಂಬತ್ತನೆಯವನಾಗಿ ಪ್ಯಾಂಥರ್ಸ್ ಅವನನ್ನು ಆರಿಸಿಕೊಂಡಿತು.

ವೃತ್ತಿ ಆಟದ ಅಂಕಿ ಅಂಶಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಮೊದಲ ಋತುವಿನಲ್ಲೇ 164 ಟ್ಯಾಕಲ್‌ಗಳೊಂದಿಗೆ ಇಡೀ ಲೀಗ್‌ಗೆ ಮೊದಲಿಗ. 2013ರಲ್ಲಿ ವರ್ಷದ ರಕ್ಷಣಾ ಆಟಗಾರ. ಐದು ಬಾರಿ ಲೀಗ್‌ನ ಸರ್ವಶ್ರೇಷ್ಠ ತಂಡದಲ್ಲಿ ಸ್ಥಾನ. 2016ರ ಫೆಬ್ರವರಿಯಲ್ಲಿ ಲೀಗ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಆಡಿ, ಡೆನ್ವರ್ ಎದುರು 24-10ರಿಂದ ಸೋಲು.

ಅದೇ ವರ್ಷದ ನವೆಂಬರ್ 17ರ ಗುರುವಾರ ರಾತ್ರಿ ನ್ಯೂ ಆರ್ಲಿಯನ್ಸ್ ಎದುರಿನ ಪಂದ್ಯದಲ್ಲಿ, ಕೊನೆಯ ಕ್ವಾರ್ಟರ್‌ನಲ್ಲಿ, ಒಂದು ಟ್ಯಾಕಲ್ ಮಾಡಿ ಬಿದ್ದವನು ಏಳಲಿಲ್ಲ. ಗಾಡಿಯಲ್ಲಿ ಕೂರಿಸಿಕೊಂಡು ಹೊರಗೆ ಕರೆದೊಯ್ಯುವಾಗ ಅವನು ಉಸಿರು ಸಿಗದವನಂತೆ ಬಿಕ್ಕಿಬಿಕ್ಕಿ ಅಳುತ್ತಿದ್ದ. ಟಿವಿಯ ಮುಂದಿದ್ದ ನಮಗೆ ಪಂದ್ಯ ಯಾರು ಗೆದ್ದರೆಂಬುದು ಬೇಡವಾಗಿತ್ತು. ತಲೆಗೆ ಪೆಟ್ಟು. ಹಿಂದಿನ ವರ್ಷ ಮೊದಲ ಪಂದ್ಯದಲ್ಲೇ ಅಂಥದ್ದೇ ಪೆಟ್ಟು ಬಿದ್ದು ಮೂರು ಪಂದ್ಯ ಕೂತಿದ್ದ. ಈ ಬಾರಿ ಋತುವಿನ ಉಳಿದ ಆರೂ ಪಂದ್ಯ ಆಡಲಿಲ್ಲ. 2017ರ ಅಕ್ಟೋಬರ್‌ನಲ್ಲಿ ಫಿಲಡೆಲ್ಫಿಯಾ ಎದುರು ಮತ್ತೊಂದು. ಆ ವರ್ಷ ಅವನು ಕುತ್ತಿಗೆಗೆ ಒಂದು ಪಟ್ಟಿ ಧರಿಸಲು ತೊಡಗಿದ್ದ. ಕತ್ತಿನ ರಕ್ತನಾಳಗಳನ್ನು ಹಗುರವಾಗಿ ಒತ್ತಿ, ತಲೆಯೊಳಗೆ ರಕ್ತದ ಪ್ರಮಾಣ ತುಸು ಹೆಚ್ಚಿಸಿ, ಮೆದುಳಿನ ಅಲುಗಾಟ ಕಡಿಮೆ ಮಾಡುವ ಉದ್ದೇಶದ ಸಾಧನ ಅದು.

ಇಲ್ಲಿ ಹಲವರು ಥಾಮಸ್ ಡೇವಿಸ್‌ನ ಹೆಸರು ತೆಗೆಯುತ್ತಾರೆ. ಕೀಕ್ಲಿಯ ಪಕ್ಕದಲ್ಲೇ ಆಡುತ್ತಿದ್ದ ಈ ಲೈನ್‌ಬ್ಯಾಕರ್ ಒಂದೇ ಮೊಣಕಾಲಿನ ಅಸ್ಥಿರಜ್ಜು ಮೂರು ಸಲ ಹರಿದರೂ ಮರಳಿ ಬಂದ. ಮುರಿದ ಕೈಯಲ್ಲಿ ಸೂಪರ್ ಬೌಲ್ ಆಡಿದ. ಅವನು ಅಷ್ಟು ಸಹಿಸಿದ, ಇವನಿಗೇನಾಗಿತ್ತು ಎಂಬ ಮಾತು ಕೇಳಿದಾಗ ನನಗೆ ಸಿಟ್ಟು ಬರುತ್ತದೆ. ಡೇವಿಸ್‌ನ ಧೈರ್ಯವನ್ನು ನಾನು ಕೈಮುಗಿದು ಒಪ್ಪುತ್ತೇನೆ. ಆದರೆ ಮೊಣಕಾಲನ್ನು ಶಸ್ತ್ರಚಿಕಿತ್ಸೆಯಿಂದ ಕಟ್ಟಬಹುದು. ಹೆಲ್ಮೆಟ್ ತಲೆಬುರುಡೆಯನ್ನು ಕಾಯುತ್ತದೆ, ಮೆದುಳನ್ನಲ್ಲ. ತೆಂಗಿನಕಾಯಿಯನ್ನು ಒಡೆಯದಂತೆ ಎಷ್ಟು ಬಿಗಿಯಾಗಿ ಸುತ್ತಿದರೂ ಒಳಗಿನ ನೀರು ಕುಲುಕುತ್ತಲೇ ಇರುತ್ತದೆ. ಸ್ಯಾನ್ ಡಿಯಾಗೊದ ಮಹಾನ್ ಲೈನ್‌ಬ್ಯಾಕರ್ ಜೂನಿಯರ್ ಸೇಯಾವ್ 2012ರಲ್ಲಿ ಆತ್ಮಹತ್ಯೆ ಮಾಡಿಕೊಂಡ ಮೇಲೆ ಪರೀಕ್ಷಿಸಿದಾಗ, ಪದೇ ಪದೇ ಬಿದ್ದ ಪೆಟ್ಟುಗಳೊಂದಿಗೆ ನಂಟಿರುವ ಮೆದುಳಿನ ಕಾಯಿಲೆ ಪತ್ತೆಯಾಯಿತು. ಆ ಕಾಯಿಲೆಯನ್ನು ಬದುಕಿರುವಾಗ ಖಚಿತವಾಗಿ ಗುರುತಿಸಲು ಇನ್ನೂ ಸಾಧ್ಯವಾಗಿಲ್ಲ. 2015ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಕ್ರಿಸ್ ಬೋರ್ಲಂಡ್ ಒಂದೇ ಋತು ಆಡಿ, 24ನೇ ವಯಸ್ಸಿನಲ್ಲಿ ಇದೇ ಕಾರಣ ಹೇಳಿ ಹೊರನಡೆದಿದ್ದ. ಅವನೂ ಲೈನ್‌ಬ್ಯಾಕರ್.

ಹಾಗಾದರೆ ಕೀಕ್ಲಿ ಬಿಟ್ಟದ್ದು ಕೇವಲ ತಲೆಯ ಪೆಟ್ಟಿಗಾಗಿಯೇ? ನಿವೃತ್ತಿಯ ವಿಡಿಯೊದಲ್ಲಿ ಅವನು ಅದನ್ನು ನೇರವಾಗಿ ಹೇಳಲಿಲ್ಲ. ಈ ಆಟವನ್ನು ವೇಗವಾಗಿ, ಬಲವಾಗಿ ಆಡುವ ಒಂದೇ ರೀತಿ ತನಗೆ ಗೊತ್ತು, ಇನ್ನು ಹಾಗೆ ಆಡಲು ಸಾಧ್ಯವೋ ಇಲ್ಲವೋ ತಿಳಿಯದು ಎಂಬರ್ಥದಲ್ಲಿ, ಕಣ್ಣು ತುಂಬಿಕೊಂಡು ಮಾತನಾಡಿದ. ಆಗಷ್ಟೇ ಮುಗಿದಿದ್ದ ಋತುವಿನಲ್ಲಿ ಅವನು 144 ಟ್ಯಾಕಲ್ ಮಾಡಿದ್ದ. ತಂಡ ಸೋಲುತ್ತಿತ್ತು, ಕೋಚ್ ರಾನ್ ರಿವೇರಾ ಡಿಸೆಂಬರ್‌ನಲ್ಲೇ ಕೆಲಸ ಕಳೆದುಕೊಂಡಿದ್ದರು, ಆದರೆ ಕೀಕ್ಲಿಯ ಆಟದಲ್ಲಿ ಕುಂದು ನಮ್ಮ ಕಣ್ಣಿಗಂತೂ ಬಿದ್ದಿರಲಿಲ್ಲ. ಅವನಿಗೆ ಬಿದ್ದಿರಬೇಕು. ಪೆಟ್ಟಿನ ನೆನಪಿನಿಂದ ಅರೆಕ್ಷಣ ಅನುಮಾನಿಸಿದರೂ ಮಧ್ಯದ ಲೈನ್‌ಬ್ಯಾಕರ್ ತಡವಾಗಿ ತಲುಪುತ್ತಾನೆ, ತಡವಾದವನ ತಲೆಗೇ ಕೆಟ್ಟ ಕೋನದಲ್ಲಿ ಪೆಟ್ಟು ಬೀಳುವುದು. ಎದುರಾಳಿಯನ್ನು ಓದುವ ಮೆದುಳೇ ಅವನ ಆಟದ ಬಂಡವಾಳವಾಗಿತ್ತು. ಅದನ್ನೇ ಅಡವಿಟ್ಟು ಇನ್ನೆರಡು ವರ್ಷದ ಸಂಬಳ ಎಣಿಸಬೇಕಿತ್ತು ಎಂದು ಸೋಫಾದ ಮೇಲೆ ಕುಳಿತ ನಾವು ಹೇಳಬಾರದು.

ಬೇಸರದ ಮಾತಿಗೂ ಉತ್ತರವಿದೆ. ನಿವೃತ್ತಿಯಾದ ಕೆಲವೇ ತಿಂಗಳಲ್ಲಿ ಅವನು ಪ್ಯಾಂಥರ್ಸ್‌ಗಾಗಿ ಆಟಗಾರರನ್ನು ಪರಿಶೀಲಿಸುವ ಸ್ಕೌಟ್ ಕೆಲಸಕ್ಕೆ ಸೇರಿದ, ಅಂದರೆ ಮತ್ತೆ ಅದೇ ವಿಡಿಯೊಗಳ ಮುಂದೆ ಕುಳಿತ. 2022ರಿಂದ ತಂಡದ ರೇಡಿಯೊ ವೀಕ್ಷಕ ವಿವರಣೆಯ ಬಳಗದಲ್ಲೂ ಅವನ ದನಿ ಕೇಳಿಸತೊಡಗಿತು.